ಕಾಣದ ಎಳೆಯ ಕೂಲಿ

ನಮ್ಮ ಹೆಣ್ಣುಮಕ್ಕಳ ಸೀರೆಯ ಸೆರಗಿನಲ್ಲಿ ನಾವು ‘ಮಾವಿನಕಾಯಿ ಬುಟ್ಟಾ’ ಎಂದು ಗುರುತಿಸುವ ಚಿತ್ತಾರಕ್ಕೆ ಇಂಗ್ಲಿಷಿನಲ್ಲಿ ‘ಪೇಸ್ಲಿ’ ಎಂಬ ಹೆಸರಿದೆ. ಪೇಸ್ಲಿ ಎಂಬುದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ಒಂದು ನೇಕಾರರ ಊರು. ಕಾಶ್ಮೀರದ ಮುಸ್ಲಿಂ ನೇಕಾರರ ಶಾಲುಗಳು ಯೂರೋಪಿನ ಸಿರಿವಂತ ಹೆಂಗಸರ ಹೆಗಲೇರಿದಾಗ, ಅವುಗಳನ್ನು ಅನುಕರಿಸಿ ಅಗ್ಗದ ಬೆಲೆಗೆ ನೇಯ್ದ ಊರುಗಳಲ್ಲಿ ಇದೂ ಒಂದು. 19ನೇ ಶತಮಾನದ ಆರಂಭದಲ್ಲಿ ಶುರುವಾದ ಈ ನೇಯ್ಗೆ ಕೊನೆಗೆ ಚಿತ್ತಾರದ ಹೆಸರನ್ನೂ ತನ್ನದಾಗಿಸಿಕೊಂಡಿತು. ಆದರೆ ಆ ಊರಿನ ನೇಕಾರನ ಮನೆಯೊಳಗೆ ಹೊಕ್ಕು ನೋಡಿದರೆ, ಪರರ ಸೊತ್ತು ಕಸಿದು ಸುಖಪಟ್ಟವರು ಯಾರೂ ಅಲ್ಲಿ ಕಾಣುವುದಿಲ್ಲ.

ಮನೆಯ ಒಂದು ಭಾಗ ಮಗ್ಗಕ್ಕೆ, ಇನ್ನೊಂದು ಸಂಸಾರಕ್ಕೆ. ತಂದೆ ಮಗ್ಗದಲ್ಲಿ ಕೂತರೆ ಹೆಂಡತಿ, ಹೆಣ್ಣುಮಕ್ಕಳು, ಮುದುಕಿಯರು ಕಂಡಿಕೆ ಸುತ್ತಬೇಕು. ಚಿತ್ತಾರ ಮೂಡಲು ಹಾಸಿನ ಎಳೆಗಳನ್ನು ಎತ್ತುವ ಹಗ್ಗಗಳನ್ನು ಜಗ್ಗುವ ಕೆಲಸ ಎಳೆಯ ಹುಡುಗನದು. ಜಕಾರ್ಡ್ ಯಂತ್ರ ಬಂದ ಮೇಲೆ ಆ ಹುಡುಗನ ಕೆಲಸವೂ ಹೋಯಿತು. ಕೂಲಿ ತಂದೆಯ ಕೈಗೆ ಬರುತ್ತಿತ್ತು, ದುಡಿಮೆ ಮಾತ್ರ ಇಡೀ ಮನೆಯದು. ಇಷ್ಟಾದರೂ ಇವರು ಓದುವ, ರಾಜಕೀಯ ಚರ್ಚಿಸುವ, ಪದ್ಯ ಕಟ್ಟುವ ಜನ. ಕವಿ ರಾಬರ್ಟ್ ಟ್ಯಾನಹಿಲ್ (1774-1810) ಈ ಊರಿನ ನೇಕಾರನೇ.

ಶಾಲಿನ ವ್ಯಾಪಾರ ಶೋಕಿಯನ್ನು ನಂಬಿದ್ದು. 1841ರಿಂದ 1843ರ ಮುಗ್ಗಟ್ಟಿನಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ವರ್ತಕ ಸಂಸ್ಥೆಗಳು ದಿವಾಳಿಯೆದ್ದವು. ಸಾವಿರಾರು ಜನ ಪರಿಹಾರಕ್ಕಾಗಿ ಕೈಯೊಡ್ಡಿದರು. ವಿಕ್ಟೋರಿಯಾ ರಾಣಿ ಪೇಸ್ಲಿ ಶಾಲು ಕೊಂಡು ಹೊದ್ದರೂ ಮನೆಮನೆಯ ಹಸಿವು ತೀರಲಿಲ್ಲ.

ಈ ಮನೆಗಳ ನಿಜವಾದ ಹೋರಾಟ ಒಂದು ಎಳೆಯದು. ಬಣ್ಣದ ಹೊಕ್ಕುಗಳನ್ನೆಲ್ಲ ಬಿಗಿದು ಹಿಡಿಯಲು ನಡುನಡುವೆ ಒಂದು ತೆಳು ನೂಲು ಹಾಯಿಸಬೇಕಿತ್ತು. ಅದರ ಹೆಸರು ‘ಸ್ಮಾ ಶಾಟ್’. ಅದಿಲ್ಲದಿದ್ದರೆ ಶಾಲು ಬಿಚ್ಚಿಹೋಗುತ್ತಿತ್ತು. ಆದರೆ ಅದು ಕಣ್ಣಿಗೆ ಕಾಣದು. ಕಾಣದ ಎಳೆಗೆ ಕೂಲಿ ಕೊಡುವುದಿಲ್ಲ ಎಂದರು ವರ್ತಕರು. ದೀರ್ಘ ಜಗ್ಗಾಟದ ಬಳಿಕ 1856ರಲ್ಲಿ ನೇಕಾರರು ಗೆದ್ದರು.

ಆ ಕಡೆ ಕಾಶ್ಮೀರದಲ್ಲಿ, ಮೂಲ ಶಾಲಿನ ನೇಕಾರರು ಡೋಗ್ರಾ ಅರಸರ ತೆರಿಗೆಯಡಿ ನಲುಗುತ್ತಿದ್ದರು. 1865ರ ಏಪ್ರಿಲ್ 29ರಂದು ಶ್ರೀನಗರದಲ್ಲಿ ಅವರು ಬೀದಿಗಿಳಿದಾಗ ಸೈನಿಕರು ಮೇಲೆ ಬಿದ್ದರು. ಹಲವರು ನೀರಿಗೆ ಬಿದ್ದು ಮುಳುಗಿ ಸತ್ತರು. ಐದು ವರ್ಷಗಳಲ್ಲಿ ಫ್ರಾನ್ಸ್-ಪ್ರಷ್ಯಾ ಯುದ್ಧ ಬಂತು, ಶೋಕಿಯೂ ಬದಲಾಯಿತು. ಶ್ರೀನಗರದ ಮಗ್ಗಕ್ಕೂ ಪೇಸ್ಲಿಯ ಮಗ್ಗಕ್ಕೂ ಒಟ್ಟಿಗೇ ಬರಗಾಲ. ಪೇಸ್ಲಿಯ ಹೆಣ್ಣುಮಕ್ಕಳು ಕೋಟ್ಸ್, ಕ್ಲಾರ್ಕ್ ಕಂಪನಿಗಳ ಹೊಲಿಗೆದಾರದ ಗಿರಣಿಗಳಿಗೆ ನಡೆದರು.

ಬಜಾರಿನಲ್ಲಿ ಪರಸ್ಪರ ಪೈಪೋಟಿಗೆ ನಿಂತ ಈ ಇಬ್ಬರು ನೇಕಾರರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಮಗೆ ಈಗ ಇಬ್ಬರೂ ಕಾಣುತ್ತಾರೆ. ಪೇಸ್ಲಿಯಲ್ಲಿ ಜುಲೈ ತಿಂಗಳ ಮೊದಲ ಶನಿವಾರ ‘ಸ್ಮಾ ಶಾಟ್ ದಿನ’; ಡೋಲು ಬಡಿಯುತ್ತ ಮೆರವಣಿಗೆ ಹೊರಡುತ್ತದೆ. ಶಾಲನ್ನು ಹೊದ್ದವರ ನೆನಪಿಗಾಗಿ ಅಲ್ಲ, ಕಾಣದ ಎಳೆಗೆ ಕೂಲಿ ಕೇಳಿದವರ ನೆನಪಿಗಾಗಿ.