ಡಿಸ್ಕಿಲ್ಲದ ಯಂತ್ರ ಮತ್ತು ‘ಬರೆದಾಯಿತು’ ಎಂಬ ಮಾತು

ಫೈಲ್‌ಗೆ ಬರೆದ ಡೇಟಾವನ್ನು ಡಿಸ್ಕಿಗೆ ಇಳಿಸಿಯೇ ಮರಳುವ ಎಫ್‌ಸಿಂಕ್ ಎಂಬ ಕರೆ ಯುನಿಕ್ಸ್‌ಗೆ ಬಂದದ್ದು 1983ರ 4.2 ಬಿಎಸ್‌ಡಿಯೊಂದಿಗೆ. ಅದನ್ನು ಕರೆಯದಿದ್ದರೆ ಬರೆದದ್ದು ಮೆಮೊರಿಯಲ್ಲೇ ಕುಳಿತು, ಸುಮಾರು ಅರ್ಧ ನಿಮಿಷಕ್ಕೊಮ್ಮೆ ಡಿಸ್ಕ್ ಸೇರುತ್ತಿತ್ತು. ಡಿಸ್ಕ್ ಅದೇ ಪೆಟ್ಟಿಗೆಯಲ್ಲಿದೆ ಎಂದುಕೊಂಡು ಮಾಡಿದ ಏರ್ಪಾಡು ಇದು.

ಡಿಸ್ಕ್ ದುಬಾರಿಯಾಗಿದ್ದ ಆ ದಿನಗಳಲ್ಲೇ ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕಿಲ್ಲದ ವರ್ಕ್‌ಸ್ಟೇಷನ್‌ಗಳನ್ನು ಮಾರತೊಡಗಿತು. ಸನ್-3/50ರಲ್ಲಿ ಇದ್ದದ್ದು 4 ಮೆಗಾಬೈಟ್ ಮೆಮೊರಿ ಮತ್ತು ಈಥರ್ನೆಟ್ ತಂತಿ. ಬೂಟ್‌ನಿಂದ ಸ್ವಾಪ್‌ವರೆಗೆ ಎಲ್ಲಕ್ಕೂ ಸರ್ವರೇ ಗತಿ. ಫೈಲ್ ಹಂಚಿಕೆಗೆ ಅದೇ ಕಂಪನಿ ಎನ್‌ಎಫ್‌ಎಸ್ ರೂಪಿಸಿತು.

ಅದರ ಎರಡನೇ ಆವೃತ್ತಿಯಲ್ಲಿ ಸರ್ವರ್ ಯಾವ ಕ್ಲೈಂಟ್‌ನ ನೆನಪನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಅದು ಕೆಟ್ಟು ನಿಂತರೆ, ಉತ್ತರ ಬರುವ ತನಕ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುವುದು, ಅಷ್ಟೇ. ಉತ್ತರ ಬಂದ ಮೇಲೆ ಕ್ಲೈಂಟ್ ತನ್ನ ಪ್ರತಿಯನ್ನು ಮರೆತುಬಿಡುತ್ತದಾದ್ದರಿಂದ, ಡೇಟಾ ಡಿಸ್ಕಿಗೆ ಇಳಿಯುವ ಮುನ್ನ ಸರ್ವರ್ ‘ಬರೆದಾಯಿತು’ ಎನ್ನುವಂತಿರಲಿಲ್ಲ. ಒಂದು ಕೋರಿಕೆಯಲ್ಲಿ ಹೋಗುತ್ತಿದ್ದದ್ದು ಹೆಚ್ಚೆಂದರೆ 8 ಕಿಲೋಬೈಟ್. ಅಷ್ಟಕ್ಕೂ ಡೇಟಾ ಬ್ಲಾಕ್, ಐನೋಡ್, ಕೆಲವೊಮ್ಮೆ ಇಂಡೈರೆಕ್ಟ್ ಬ್ಲಾಕ್ ಎಂದು ಡಿಸ್ಕಿನ ಹೆಡ್ ಮೂರು ಕಡೆ ಓಡಬೇಕು. ನಿಯಮ ಪ್ರಾಮಾಣಿಕವಾಗಿತ್ತು, ಆದರೆ ಬಲು ನಿಧಾನ.

ಕ್ಲೈಂಟ್ ಬದಿಯಲ್ಲಿ ಬಯೋಡ್ ಎಂಬ ಹಿನ್ನೆಲೆ ಪ್ರಕ್ರಿಯೆಗಳು ಬರಹವನ್ನು ಕೂಡಿಹಾಕಿ ಕಳಿಸುತ್ತಿದ್ದವು. ಉಳಿದದ್ದು ಫೈಲ್ ಮುಚ್ಚುವಾಗ ಹೋಗುತ್ತಿತ್ತು. ಹೀಗಾಗಿ ಸರ್ವರ್‌ನ ಡಿಸ್ಕ್ ತುಂಬಿದ ಸುದ್ದಿ ಬರೆಯುವ ಕರೆಗೆ ತಿಳಿಯದೆ, ಎಫ್‌ಸಿಂಕ್‌ನಲ್ಲೋ ಕ್ಲೋಸ್‌ನಲ್ಲೋ ಹೊರಬೀಳಬಹುದಿತ್ತು. ಕ್ಲೋಸ್ ಏನು ಉತ್ತರ ಕೊಟ್ಟಿತೆಂದು ನೋಡುವ ರೂಢಿ ಎಷ್ಟು ಪ್ರೋಗ್ರಾಮರ್‌ಗಳಿಗಿತ್ತು?

ನಿಧಾನಕ್ಕೆ ಮದ್ದು ಹಲವು ಬಂದವು. ಲೆಗಾಟೋ ಕಂಪನಿಯ ಪ್ರೆಸ್ಟೋಸರ್ವ್ ಕಾರ್ಡು ಬ್ಯಾಟರಿ ಇರುವ ಮೆಮೊರಿಯಲ್ಲಿ ಬರಹವನ್ನು ಹಿಡಿದಿಡುತ್ತಿತ್ತು. ಕರೆಂಟ್ ಹೋದರೂ ಡೇಟಾ ಉಳಿಯುವುದರಿಂದ ಇದರಲ್ಲಿ ಮೋಸವಿರಲಿಲ್ಲ. ಡಿಸ್ಕಿಗೆ ಇಳಿಯುವ ಮೊದಲೇ ಉತ್ತರ ಕೊಡುವ ‘ಅಸಿಂಕ್’ ಆಯ್ಕೆ ಮಾತ್ರ ಶುದ್ಧ ಸುಳ್ಳು. ಲಿನಕ್ಸ್‌ನ ಎನ್‌ಎಫ್‌ಎಸ್-ಯುಟಿಲ್ಸ್ ತಂತ್ರಾಂಶದಲ್ಲಿ 1.0.0 ಆವೃತ್ತಿಯವರೆಗೂ ತಾನಾಗಿ ಜಾರಿಯಲ್ಲಿದ್ದದ್ದು ಇದೇ.

1995ರಲ್ಲಿ ಆರ್‌ಎಫ್‌ಸಿ 1813 ಆಗಿ ಪ್ರಕಟವಾದ ಎನ್‌ಎಫ್‌ಎಸ್‌ನ ಮೂರನೇ ಆವೃತ್ತಿ ಕೆಲಸವನ್ನು ಎರಡು ಹಂತ ಮಾಡಿತು. ಮೊದಲು ಬರಹ, ಆಮೇಲೆ ‘ಕಮಿಟ್’. ಪ್ರತಿ ಉತ್ತರದೊಂದಿಗೂ ಸರ್ವರ್ 8 ಬೈಟ್‌ಗಳ ಗುರುತು ಕಳಿಸುತ್ತದೆ. ನಡುವೆ ಸರ್ವರ್ ಬಿದ್ದು ಎದ್ದರೆ ಗುರುತು ಬದಲಾಗಿರುತ್ತದೆ. ಅದನ್ನು ಕಂಡ ಕ್ಲೈಂಟ್, ಕಮಿಟ್ ಆಗುವ ತನಕ ಜತನವಾಗಿಟ್ಟುಕೊಂಡಿದ್ದ ಡೇಟಾವನ್ನು ಮತ್ತೊಮ್ಮೆ ಕಳಿಸುತ್ತದೆ.

ಈಗ ರೂಟ್ ಫೈಲ್‌ಸಿಸ್ಟಮ್ ಅನ್ನೇ ಮೆಮೊರಿಯಲ್ಲಿಟ್ಟು ನಡೆಯುವ ಯಂತ್ರಗಳೂ ಇವೆ. ಅಂಥ ಒಂದು ಫೈಲ್‌ಸಿಸ್ಟಮ್ ಆದ ಲಿನಕ್ಸ್‌ನ ಟಿಎಂಪಿಎಫ್‌ಎಸ್‌ನಲ್ಲಿ ಎಫ್‌ಸಿಂಕ್ ಕರೆದರೆ ಅದು ಏನನ್ನೂ ಮಾಡದೆ ಯಶಸ್ಸಿನ ಉತ್ತರ ಕೊಡುತ್ತದೆ.