ಕಂಸಾಳೆಯ ಬಟ್ಟಲು, ಗಿಟಾರಿನ ತಂತಿ



ನಿಮ್ಮ ಕಾಲೇಜಿನ ವಾರ್ಷಿಕೋತ್ಸವವನ್ನು ಒಮ್ಮೆ ನೆನಪಿಸಿಕೊಳ್ಳಿ. ಸ್ವಾಗತ ಭಾಷಣ, ವರದಿ ವಾಚನ, ಬಹುಮಾನ ವಿತರಣೆ ಎಲ್ಲ ಮುಗಿದು ಮುಖ್ಯ ಅತಿಥಿಗಳು ಕಾರು ಹತ್ತಿದ ಮೇಲೆ, ಯಾರೋ ಒಬ್ಬ ಹುಡುಗ ಗಿಟಾರ್ ಹಿಡಿದು ವೇದಿಕೆಗೆ ಬರುತ್ತಾನೆ. ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಎಂದು ಶುರು ಮಾಡಿದ್ದೇ ತಡ, ಹಿಂದಿನ ಬೆಂಚಿನವರೆಲ್ಲ ಎದ್ದು ನಿಲ್ಲುತ್ತಾರೆ. ಯಳಂದೂರಿನಲ್ಲಾದರೆ ಈ ಗದ್ದಲ ಇನ್ನೂ ಒಂದು ಕೈ ಮೇಲೆ. ಅದಕ್ಕೆ ಕಾರಣವಿದೆ. ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಅಮಾವಾಸ್ಯೆ ಬಂತೆಂದರೆ ಬೆಟ್ಟಕ್ಕೆ ಹೊರಟವರ ‘ಉಘೇ ಮಾದಪ್ಪ’ ಇಲ್ಲಿಯ ಮಕ್ಕಳ ಕಿವಿಗೆ ಸಿನಿಮಾ ಹಾಡಿಗಿಂತ ಮೊದಲೇ ಬಿದ್ದಿರುತ್ತದೆ.

ಆ ಹಾಡು 2008ರಲ್ಲಿ ಬಂದ ‘ಸೈಕೋ’ ಎಂಬ ಚಿತ್ರದ್ದು. ಸಂಗೀತ ನೀಡಿ ಹಾಡಿದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಭರತನಾಟ್ಯ. ನೃತ್ಯ ಕಲಿಯುತ್ತಿದ್ದುದನ್ನು ಸಹಪಾಠಿಯೊಬ್ಬ ಹಾಸ್ಯ ಮಾಡಿದಾಗ ಪಂಥ ಕಟ್ಟಿ ಗಿಟಾರ್ ಹಿಡಿದರೆಂಬುದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. (ವಿಜ್ಞಾನ ಓದಿ ದಾರಿ ತಪ್ಪಿದವರ ಬಗ್ಗೆ ನನಗೆ ಸಹಜವಾಗಿಯೇ ಒಲವು, ನಾನೂ ಬಿ.ಎಸ್ಸಿ. ಮುಗಿಸಿ ಕ್ಯಾಮೆರಾ ಹಿಂದೆ ಬಂದು ನಿಂತವನು.) ಮೊದಲು ‘ಅಂತರಾಗ್ನಿ’ ಎಂಬ ತಂಡ, ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಅದೇ 2008ರಲ್ಲಿ ಮೊದಲ ಆಲ್ಬಂ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿದ್ದವು. 2010ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ವಾಹಿನಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಸಂಗೀತ ಕಾರ್ಯಕ್ರಮದಲ್ಲಿ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಈ ತಂಡ ನುಡಿಸಿತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು.

ಬೆಂಗಳೂರಿಗೆ ರಾಕ್ ಹೊಸದೇನಲ್ಲ. 1996ರಲ್ಲೇ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ತಂಡ ಹುಟ್ಟಿತ್ತು. 2007ರಲ್ಲಿ ಅರಮನೆ ಮೈದಾನಕ್ಕೆ ‘ಐರನ್ ಮೇಡನ್’ ಬಂದಾಗ ನೆರೆದ ಜನಸ್ತೋಮ ನೋಡಿದವರಿಗೆ ಗೊತ್ತು. ಆದರೆ ಆ ರಾಕ್ ಇಂಗ್ಲಿಷಿನಲ್ಲಿ ಹಾಡುತ್ತಿತ್ತು. ಅದು ಕನ್ನಡದಲ್ಲಿ, ಅದೂ ಪದ ಹಾಡುವವರ ಕನ್ನಡದಲ್ಲಿ ಬಾಯಿಬಿಟ್ಟದ್ದು ಈ ಮೈಸೂರಿನ ಹುಡುಗರ ಕಾಲಕ್ಕೆ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ ಮೊದಲ ಆಲ್ಬಂ 2009ರಲ್ಲಿ ಬಂತು; ಅದರಲ್ಲಿಯ ‘ಈ ಭೂಮಿ’ಯನ್ನು ನೀವು ಕೇಳಿರಬಹುದು.

ಇಲ್ಲಿ ಸ್ವಲ್ಪ ಹೊತ್ತು ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹೋಗಿ ಬರೋಣ. ಅಲ್ಲಿ ‘ದಕ್ಷಿಣದ ರಾಕ್’ ಎಂದೇ ಹೆಸರಾದ ಒಂದು ಪಂಥವಿದೆ. 1969ರಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಕೂಡಿಕೊಂಡು ಜಾರ್ಜಿಯಾದ ಮೇಕನ್ ಊರಿಗೆ ಹೋಗಿ ನೆಲೆಸಿದ ಆಲ್‌ಮನ್ ಸಹೋದರರ ತಂಡ ಅದರ ಮೂಲ ಎನ್ನಬಹುದು. ಇಬ್ಬರು ಡ್ರಮ್ ವಾದಕರು, ಎರಡು ಗಿಟಾರ್. ಅಣ್ಣ ಡ್ವೇನ್ ಆಲ್‌ಮನ್ ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆಯನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದ. 1971ರಲ್ಲಿ ಬಂದ ಅವರ ಪ್ರಸಿದ್ಧ ಧ್ವನಿಮುದ್ರಿಕೆ ‘ಅಟ್ ಫಿಲ್‌ಮೋರ್ ಈಸ್ಟ್’ ಆರಂಭವಾಗುವುದೇ ‘ಸ್ಟೇಟ್ಸ್‌ಬರೋ ಬ್ಲೂಸ್’ ಎಂಬ ಹಾಡಿನಿಂದ. ಲಕ್ಷಾಂತರ ಜನ ಅದನ್ನು ಆಲ್‌ಮನ್‌ರ ಹಾಡೆಂದೇ ತಿಳಿದರು. ಅದನ್ನು 1928ರಲ್ಲಿ ಮೊದಲು ಧ್ವನಿಮುದ್ರಿಸಿದವನು ಜಾರ್ಜಿಯಾದ ಕುರುಡ ಕಪ್ಪು ಗಾಯಕ ಬ್ಲೈಂಡ್ ವಿಲ್ಲೀ ಮೆಕ್‌ಟೆಲ್. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದ ಆತ 1959ರಲ್ಲಿಯೇ ತೀರಿಕೊಂಡಿದ್ದ. ತನ್ನ ಹಾಡು ಏರಿದ ಎತ್ತರ ಅವನಿಗೆ ತಿಳಿಯಲೇ ಇಲ್ಲ.

ಈಗ ಮರಳಿ ನಮ್ಮ ಸೀಮೆಗೆ. ನಮ್ಮ ಮೆಕ್‌ಟೆಲ್‌ಗಳು ಯಾರು?

ಹನೂರು ತಾಲ್ಲೂಕಿನ ಮಲೆ ಮಹದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು. ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಡುವ ಇವರಲ್ಲಿ ಹಲವು ಜಾತಿಗಳವರಿದ್ದಾರೆ. ಕೈಯಲ್ಲಿ ಕಂಸಾಳೆ: ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಕಂಚಿನ ತಟ್ಟೆ. ನೀವು ವೇದಿಕೆಯ ಮೇಲೆ ನೋಡಿರುವುದು ಬಹುಮಟ್ಟಿಗೆ ಬೀಸು ಕಂಸಾಳೆ, ಅಂದರೆ ಕುಣಿತ. ಅದಕ್ಕೂ ಮುಖ್ಯವಾದದ್ದು ರಾತ್ರಿಯಿಡೀ ಕುಳಿತು ಹಾಡುವ ಕಥೆ. ಅದರ ಭಾಗಗಳನ್ನು ‘ಸಾಲು’ ಎನ್ನುತ್ತಾರೆ: ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಅದು ಇಂಗ್ಲಿಷಿಗೂ ಹೋಗಿದೆ. ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಪ್ರತಿವರ್ಷ ಸಿದ್ಧಪ್ಪಾಜಿಯ ಜಾತ್ರೆ. ಅಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು. ಅದು ಇನ್ನೊಂದು ದೊಡ್ಡ ಲೋಕ, ಮತ್ತೊಮ್ಮೆ ನೋಡೋಣ.

ಪಿ.ಯು. ಭೌತಶಾಸ್ತ್ರ ಓದಿದವರಿಗೆ ಒಂದು ಮಾತು. ಗಿಟಾರಿನ ತಂತಿ ಕಂಪಿಸಿದಾಗ ಹೊರಡುವ ಉಪಸ್ವರಗಳು ಮೂಲ ಆವೃತ್ತಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಬಹುಮಟ್ಟಿಗೆ ಪೂರ್ಣಾಂಕದ ಲೆಕ್ಕದಲ್ಲಿರುತ್ತವೆ. ಅದರಿಂದಲೇ ನಮಗೆ ಸ್ಪಷ್ಟವಾದ ಸ್ವರ ಕೇಳುತ್ತದೆ. ಲೋಹದ ತಟ್ಟೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದರ ಉಪಸ್ವರಗಳು ಅಡ್ಡಾದಿಡ್ಡಿ. ಆದ್ದರಿಂದ ಕಂಸಾಳೆಗೆ ಇಂಥದೇ ಶ್ರುತಿ ಎಂಬುದಿಲ್ಲ, ಹಾಡುಗಾರ ಯಾವ ಶ್ರುತಿ ಹಿಡಿದರೂ ಅದು ಜಗಳವಾಡದೆ ಜೊತೆಗೂಡುತ್ತದೆ. ಡ್ರಮ್ ಸೆಟ್‌ನಲ್ಲಿ ಕಾಲಿನಿಂದ ತುಳಿಯುವ ಜೋಡಿ ತಾಳವೂ ಹೀಗೆಯೇ. ರಾಕ್ ತಂಡದ ಪಕ್ಕದಲ್ಲಿ ಕಂಸಾಳೆ ನಿಂತರೆ ಅನ್ಯ ಅನ್ನಿಸದಿರುವುದಕ್ಕೆ ಇದೂ ಒಂದು ಕಾರಣ. ನಾದದ ಮಟ್ಟಿಗೆ ಮದುವೆ ಸುಲಭ.

ಕಥೆಯ ಮಟ್ಟಿಗೆ ಅಷ್ಟು ಸುಲಭವಲ್ಲ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ಕಡೆಯ ಮೂವರು ಹಾಡುಗಾರರನ್ನು ಸ್ಟುಡಿಯೋಗೆ ಕರೆಸಿದ್ದೆ. ಮೊದಲ ಪೆಟ್ಟಿಗೇ ಧ್ವನಿ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಮೈಕುಗಳನ್ನು ಮಾರುದೂರ ಸರಿಸಿದೆವು. ಆಮೇಲೆ ಹಿರಿಯರು ಕೇಳಿದರು, ಎಷ್ಟು ಹೊತ್ತು ಹಾಡಬೇಕು ಎಂದು. ಆರು ನಿಮಿಷ ಎಂದೆ. ಅವರು ನಕ್ಕರು. “ಆರು ನಿಮುಸ್ಕೆ ಸಂಕಮ್ಮ ಗುಡ್ಲಿಂದ ಈಚ್ಗೇ ಬರದಿಲ್ಲ ಕನಾ ಸಾ” ಎಂದರು. ಆದರೂ ಹಾಡಿದರು. ಹನ್ನೊಂದು ನಿಮಿಷವಾಯಿತು. ಸಂಕಲನದ ಮೇಜಿನಲ್ಲಿ ನಾನು ಐದು ನಿಮಿಷ ಕತ್ತರಿಸಿದೆ. ಕುಣಿತ, ಉಘೇ ಘೋಷ ಎಲ್ಲ ಉಳಿಸಿಕೊಂಡೆ. ಕತ್ತರಿಸಿದ್ದು ಸಂಕಮ್ಮನ ಮಾತು.

ಆ ಮಾತು ಏನೆಂದು ನಿಮಗೆ ಗೊತ್ತಿರಬೇಕು. ಸಂಕಮ್ಮ ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ತಾನು ಬರುವವರೆಗೆ ಪರಪುರುಷರನ್ನು ನೋಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ತಪ್ಪು ಮಾಡದವಳು ಆಣೆ ಏಕೆ ಇಡಬೇಕು ಎಂಬುದು ಅವಳ ನಿಲುವು. ಗಂಡ ಕೊಡಬಾರದ ಹಿಂಸೆ ಕೊಟ್ಟು ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಆಗ ಮಾದೇಶ್ವರ ಜಂಗಮನಾಗಿ ಬರುತ್ತಾನೆ. ಅವನ ವರದಿಂದ ಹುಟ್ಟಿದ ಅವಳಿಗಳೇ ಕಾರಯ್ಯ, ಬಿಲ್ಲಯ್ಯ. ಬಿಳಿಗಿರಿರಂಗನ ಬೆಟ್ಟದಿಂದ ಮಹದೇಶ್ವರ ಬೆಟ್ಟದವರೆಗೆ ಹರಡಿರುವ ಸೋಲಿಗರು ಕಾರಯ್ಯನನ್ನೇ ತಮ್ಮ ಮೂಲಪುರುಷ ಎನ್ನುತ್ತಾರೆ. ಅಂದರೆ ಇದು ಬರಿಯ ಹಾಡಲ್ಲ, ಯಳಂದೂರಿನ ಬೆಟ್ಟದ ಮೇಲಿನ ಒಂದು ಜನಾಂಗದ ವಂಶಚರಿತ್ರೆ.

‘ಕೋಲುಮಂಡೆ ಜಂಗಮದೇವರು’ ಎಂಬ ಪದ ಈ ಸಂಕಮ್ಮನ ಮನೆಬಾಗಿಲಿನದು. 1996ರ ‘ಜನುಮದ ಜೋಡಿ’ ಚಿತ್ರಕ್ಕಾಗಿ ವಿ. ಮನೋಹರ್ ಅವರ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದರು, ಅವರಿಗೆ ರಾಜ್ಯ ಪ್ರಶಸ್ತಿ ಬಂತು, ನಾಡೆಲ್ಲ ಗುನುಗಿತು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿ ವಿಡಿಯೋ ಹೊರತಂದರು. ಸಂಕಮ್ಮನನ್ನು ತೋರಿಸಿದ ಬಗೆಗೆ ಈ ಸೀಮೆಯ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋ ಹಿಂದೆಗೆಯಲಾಯಿತು.

ಆಗ ಕೆಲವರು, ಜನಪದವನ್ನು ಮುಟ್ಟಲೇಬಾರದು ಎಂದರು. ನನಗೆ ಅದು ಒಪ್ಪಿಗೆಯಿಲ್ಲ. ದೇವರಗುಡ್ಡರೂ ಪ್ರತಿ ರಾತ್ರಿ ಸಾಲುಗಳನ್ನು ಹಿಗ್ಗಿಸಿ, ಕುಗ್ಗಿಸಿ ಹಾಡುವವರೇ. ರಘು ದೀಕ್ಷಿತರ ಗಿಟಾರಿನಿಂದ ಮಾದಪ್ಪನ ಹೆಸರು ಹೊಸ ಕಿವಿಗಳಿಗೆ ಹೋಯಿತು, ಒಳ್ಳೆಯದೇ ಆಯಿತು. ಆದರೆ ಬದಲಾಯಿಸುವವನಿಗೆ ಇಡೀ ಸಾಲು ಗೊತ್ತಿರಬೇಕು. ಹಾಡುಗಾರರಿಗೆ ಗೊತ್ತಿತ್ತು, ಕತ್ತರಿ ಹಿಡಿದ ನನಗೆ ಗೊತ್ತಿರಲಿಲ್ಲ. ರ‍್ಯಾಪ್ ಮಾಡಿದವರನ್ನು ಟೀಕಿಸುವ ಹಕ್ಕು ನನಗೆಷ್ಟಿದೆ ಎಂದು ಆ ಆಗಸ್ಟ್ ತಿಂಗಳಲ್ಲಿ ನನ್ನನ್ನೇ ಕೇಳಿಕೊಂಡಿದ್ದೆ.

ಅಂದು ಚಿತ್ರೀಕರಣ ಮುಗಿದು ದೀಪಗಳು ಆರಿದ ಮೇಲೆ ಅವರಿಗೆ ಕ್ಯಾಂಟೀನಿನಲ್ಲಿ ಊಟ ಹೇಳಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಊಟವಾದ ಮೇಲೆ ಹಿರಿಯರು ಹೊರಗಿನ ಮರದ ಕೆಳಗೆ ಕುಳಿತು, ನಿಂತಲ್ಲಿಂದ ಹಾಡನ್ನು ಎತ್ತಿಕೊಂಡರು. ಚಾಲಕರು, ಕಾವಲುಗಾರರು, ಕ್ಯಾಂಟೀನಿನ ಹುಡುಗ ಸುತ್ತ ಕುಳಿತರು. ಕಾರಯ್ಯ, ಬಿಲ್ಲಯ್ಯ ಹುಟ್ಟುವವರೆಗೆ ಹಾಡಿದರು. ಅಷ್ಟು ಹೊತ್ತಿಗೆ ಮೈಕುಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿಯಾಗಿತ್ತು.