ತೆರೆಯಿಂದ ಬಿದ್ದ ಸ್ವರಗಳು, ಆಯ್ದುಕೊಂಡ ಅಭಿಮಾನಿಗಳು

1968ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಪ್ರದರ್ಶನಕ್ಕೆ ಹೋದ ಅಲೆಕ್ಸ್ ನಾರ್ತ್, ತಾವು ಬರೆದ ಸಂಗೀತ ಯಾವಾಗ ಬರುತ್ತದೆಂದು ಕಿವಿಗೊಟ್ಟು ಕುಳಿತಿದ್ದರು. ಬರಲೇ ಇಲ್ಲ. ಕೆಲವೇ ವಾರಗಳ ಗಡುವಿನಲ್ಲಿ ಹಗಲು ರಾತ್ರಿ ಬರೆದು, ಒತ್ತಡದಿಂದ ಸ್ನಾಯುಸೆಳೆತ ಬಂದು, ಧ್ವನಿಮುದ್ರಣಕ್ಕೆ ಆಂಬುಲೆನ್ಸಿನಲ್ಲಿ ಹೋಗುವ ಸ್ಥಿತಿಗೆ ಬಂದಿದ್ದ ಮನುಷ್ಯ ಆತ. ಲಂಡನ್ನಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂರಿಸಿ ನಲವತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಮುದ್ರಿಸಿದ್ದರು. ನಿರ್ದೇಶಕ ಸ್ಟ್ಯಾನ್ಲಿ ಕೂಬ್ರಿಕ್ ಅದರಲ್ಲಿ ಒಂದು ಸ್ವರವನ್ನೂ ಉಳಿಸಿಕೊಂಡಿರಲಿಲ್ಲ. ಒಂದು ಮಾತು ಮೊದಲೇ ತಿಳಿಸುವ ಸೌಜನ್ಯವನ್ನೂ ತೋರಿರಲಿಲ್ಲ.

ವಿಜ್ಞಾನ ಕಥಾಚಿತ್ರಗಳ ಸಂಗೀತದ ಇತಿಹಾಸವನ್ನು ಸಾಮಾನ್ಯವಾಗಿ ಪ್ರಶಸ್ತಿ ಗೆದ್ದವರ ಸಾಲಾಗಿ ಬರೆಯುತ್ತಾರೆ. ಆದರೆ ಈ ಪ್ರಕಾರದಲ್ಲಿ ಕತ್ತರಿಗೆ ಸಿಕ್ಕ ಸಂಗೀತ ಅಸಾಧಾರಣ ಪ್ರಮಾಣದ್ದು. ಅದನ್ನು ಬಿಡದೆ ಹುಡುಕಿ, ಕೇಳಿ, ಜಗಳವಾಡಿ ಉಳಿಸಿಕೊಂಡ ಕೇಳುಗರ ಹಟವೂ ಅಷ್ಟೇ ಅಸಾಧಾರಣ. ಇಲ್ಲಿ ಅಭಿಮಾನಿಗಳ ಅಭಿಪ್ರಾಯ ಬರೀ ಚಪ್ಪಾಳೆಯಾಗಿ ಉಳಿಯಲಿಲ್ಲ. ಯಾವ ಸಂಗೀತ ನಮ್ಮ ಕಾಲಕ್ಕೆ ದಕ್ಕಬೇಕು ಎಂಬುದನ್ನು ಎಷ್ಟೋ ಸಲ ನಿರ್ಧರಿಸಿದ್ದೇ ಅದು.

ಕಥೆ ಮೂಕಿ ಚಿತ್ರಗಳ ಕಾಲಕ್ಕೇ ಶುರುವಾಗುತ್ತದೆ. ಫ್ರಿಟ್ಜ್ ಲ್ಯಾಂಗ್ ಅವರ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡಾಗ ಗಾಟ್‌ಫ್ರೀಡ್ ಹುಪ್ಪರ್ಟ್ಜ್ ಅದಕ್ಕೆ ಪೂರ್ಣ ವಾದ್ಯವೃಂದದ ಸಂಗೀತ ಬರೆದಿದ್ದರು. ಚಿತ್ರ ಸೋತಿತು. ವಿತರಕರು ಅದನ್ನು ಕತ್ತರಿಸಿ ಮೊಟಕು ಮಾಡಿದರು, ಕತ್ತರಿಸಿದ ಭಾಗಗಳು ಕಾಣೆಯಾದವು. ಸ್ವರಲಿಪಿ ಮಾತ್ರ ಉಳಿಯಿತು. ಅದರಲ್ಲಿ ಯಾವ ದೃಶ್ಯಕ್ಕೆ ಯಾವ ಸ್ವರ ಎಂಬ ಸೂಚನೆಗಳು ಸಾವಿರಕ್ಕೂ ಹೆಚ್ಚು ಇದ್ದವು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಸಂಗ್ರಹಾಲಯದಲ್ಲಿ ಹಳೆಯ 16 ಎಂಎಂ ಪ್ರತಿಯೊಂದು ಸಿಕ್ಕಾಗ, ದೃಶ್ಯಗಳ ಸರಿಯಾದ ಅನುಕ್ರಮ ತಿಳಿಯಲು ತಜ್ಞರಿಗೆ ಆಧಾರವಾದದ್ದು ಈ ಸ್ವರಲಿಪಿ. ಸಂಗೀತವೇ ಸಿನಿಮಾವನ್ನು ಕಾಪಾಡಿದ ಅಪರೂಪದ ಪ್ರಸಂಗ! ನಡುವೆ 1984ರಲ್ಲಿ ಜಾರ್ಜಿಯೊ ಮೊರೊಡರ್ ಇದೇ ಚಿತ್ರಕ್ಕೆ ರಾಕ್ ಹಾಡುಗಳನ್ನು ಹೊಂದಿಸಿ ಬಿಡುಗಡೆ ಮಾಡಿದ್ದರು. ಅದನ್ನು ಅಪಚಾರ ಎನ್ನುವವರೂ, ‘ಮೆಟ್ರೊಪೊಲಿಸ್’ ನೋಡಿದ್ದೇ ಅದರಿಂದ ಎನ್ನುವವರೂ ಇಂದಿಗೂ ಇದ್ದಾರೆ.

ಬ್ರಿಟನ್ನಿನ ‘ಥಿಂಗ್ಸ್ ಟು ಕಮ್’ (1936) ಚಿತ್ರಕ್ಕೆ ಆರ್ಥರ್ ಬ್ಲಿಸ್ ಬರೆದ ಸಂಗೀತ ಕಚೇರಿ ವೇದಿಕೆಗೂ ಏರಿತು. ಆದರೆ ಈ ಪ್ರಕಾರಕ್ಕೆ ತನ್ನದೇ ಎನ್ನಬಹುದಾದ ನಾದ ಸಿಕ್ಕಿದ್ದು 1951ರಲ್ಲಿ. ‘ದ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಮಾಮೂಲಿ ಪಿಟೀಲು ಬಳಗವನ್ನು ದೂರವಿಟ್ಟು, ಹಿತ್ತಾಳೆ ವಾದ್ಯಗಳು, ವಿದ್ಯುತ್ ಪಿಟೀಲು, ಆರ್ಗನ್‌ಗಳ ಜೊತೆ ಎರಡು ಥೆರೆಮಿನ್‌ಗಳನ್ನು ಕೂರಿಸಿದರು. ಥೆರೆಮಿನ್ ಎಂದರೆ ಮುಟ್ಟದೆ ನುಡಿಸುವ ವಾದ್ಯ. ಗಾಳಿಯಲ್ಲಿ ಕೈಯಾಡಿಸಿದರೆ ಸ್ವರ ಏರಿಳಿಯುತ್ತದೆ. ಆ ಊಳಿಡುವ ನಾದ ಕೇಳಿದೊಡನೆ ‘ಹಾರುವ ತಟ್ಟೆ ಬಂತು’ ಎಂದುಕೊಳ್ಳುವ ಅಭ್ಯಾಸ ಎರಡು ತಲೆಮಾರಿಗೆ ಅಂಟಿಕೊಂಡಿತು.

ಐದು ವರ್ಷಗಳ ನಂತರ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿ ವಾದ್ಯವೃಂದವನ್ನೇ ಕೈಬಿಟ್ಟರು. ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ಸದ್ದೆಲ್ಲ ಅವರು ಮನೆಯಲ್ಲೇ ಬೆಸುಗೆ ಹಾಕಿದ ವಿದ್ಯುನ್ಮಾನ ಮಂಡಲಗಳಿಂದ ಹುಟ್ಟಿದ್ದು. ಸಂಗೀತಗಾರರ ಸಂಘದ ತಕರಾರಿಗೆ ಹೆದರಿ ಸ್ಟುಡಿಯೋ ಅದನ್ನು ಸಂಗೀತವೆಂದು ಕರೆಯಲಿಲ್ಲ. ಶೀರ್ಷಿಕೆಯಲ್ಲಿ ‘ವಿದ್ಯುನ್ಮಾನ ನಾದಗಳು’ ಎಂಬ ಅರ್ಥದ ಹೆಸರು ಹಾಕಿತು. ಆಗ ಧ್ವನಿಮುದ್ರಿಕೆಯೂ ಬರಲಿಲ್ಲ. ಬಂದದ್ದು ಇಪ್ಪತ್ತು ವರ್ಷ ಕಳೆದು, 1976ರಲ್ಲಿ. ಬ್ಯಾರನ್ ದಂಪತಿ ತಾವೇ ಎಲ್‌ಪಿ ಹೊರತಂದು ಅದನ್ನು ಕೊಂಡೊಯ್ದದ್ದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ನಡೆದ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ. ಕೊಳ್ಳುವವರು ಎಲ್ಲಿದ್ದಾರೆಂಬುದು ಸ್ಟುಡಿಯೋಗಿಂತ ಚೆನ್ನಾಗಿ ಅವರಿಗೆ ತಿಳಿದಿತ್ತು.

ಇನ್ನು ಕೂಬ್ರಿಕ್. ಸಂಕಲನದ ಹೊತ್ತಿಗೆ ತಾತ್ಕಾಲಿಕವಾಗಿ ಬೇರೆ ಸಂಗೀತ ಹಾಕಿಕೊಂಡು ನೋಡುವುದು ಚಿತ್ರರಂಗದ ಹಳೆಯ ಪದ್ಧತಿ. ‘ಟೆಂಪ್ ಟ್ರ್ಯಾಕ್’ ಎನ್ನುತ್ತಾರೆ. ಕೂಬ್ರಿಕ್ ಹಾಗೆ ಹಾಕಿಕೊಂಡದ್ದನ್ನೇ ಪ್ರೀತಿಸಿಬಿಟ್ಟರು. ಸೂರ್ಯೋದಯಕ್ಕೆ ರಿಚರ್ಡ್ ಸ್ಟ್ರಾಸ್, ಅಂತರಿಕ್ಷ ನಿಲ್ದಾಣದ ತಿರುಗಾಟಕ್ಕೆ ಜೊಹಾನ್ ಸ್ಟ್ರಾಸ್‌ನ ವಾಲ್ಟ್ಜ್, ನಿಗೂಢ ಕಪ್ಪು ಶಿಲೆಗೆ ಹಂಗೇರಿಯ ಗ್ಯೋರ್ಗ್ ಲಿಗೆಟಿ. ಲಿಗೆಟಿಗೆ ಸರಿಯಾಗಿ ತಿಳಿಸಿಯೂ ಇರಲಿಲ್ಲವಾದ್ದರಿಂದ ವಿಷಯ ವಕೀಲರವರೆಗೆ ಹೋಯಿತು. ಆದರೂ ಆ ಚಿತ್ರದಿಂದಲೇ ಲಿಗೆಟಿಯ ಹೆಸರು ಸಂಗೀತಶಾಲೆಗಳ ಗೋಡೆ ದಾಟಿತು ಎಂಬುದನ್ನು ಅಲ್ಲಗಳೆಯಲಾಗದು.

ಸ್ಟ್ರಾಸ್ ಹೆಸರು ಬಂದಾಗ ಮೈಸೂರನ್ನು ನೆನೆಯದಿರುವುದು ಕನ್ನಡಿಗರಿಗೆ ಕಷ್ಟ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಮಹಾರಾಜ ಜಯಚಾಮರಾಜ ಒಡೆಯರ್ ಅವರ ಹಣದ ಭರವಸೆಯಿಂದ. ಅಂದು ನುಡಿಸಿದ ಫಿಲಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಅವರು ಪೋಷಕರಾಗಿದ್ದರು. ಅದೇ ಫಿಲಾರ್ಮೋನಿಯಾ 2010ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ‘2001’ ಚಿತ್ರವನ್ನು ತೆರೆಯ ಮೇಲೆ ಓಡಿಸಿ, ಸಂಗೀತವನ್ನು ಎದುರಿಗೇ ನುಡಿಸಿತು.

ನಾರ್ತ್ ಅವರ ಸಂಗೀತ ಏನಾಯಿತು? ಅವರು 1991ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ ಅವರ ಗೆಳೆಯ, ಇನ್ನೊಬ್ಬ ಘಟಾನುಘಟಿ ಜೆರ್ರಿ ಗೋಲ್ಡ್‌ಸ್ಮಿತ್, ಆ ಸ್ವರಲಿಪಿಯನ್ನು ಹೊಸದಾಗಿ ಧ್ವನಿಮುದ್ರಿಸಿದರು. 2007ರಲ್ಲಿ ಇಂಟ್ರಾಡಾ ಎಂಬ ಸಣ್ಣ ಕಂಪನಿ 1968ರ ಮೂಲ ಮುದ್ರಣವನ್ನೇ ಸಿಡಿಯಲ್ಲಿ ತಂದಿತು. ಈಗ ನಾರ್ತ್ ಸಂಗೀತವನ್ನೂ ಕೂಬ್ರಿಕ್ ಆಯ್ಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಬಹುದು. ಕೂಬ್ರಿಕ್ ಮಾಡಿದ್ದು ಅನ್ಯಾಯ ಎನ್ನುವ ಅಭಿಮಾನಿಗಳಲ್ಲೂ ಬಹಳ ಮಂದಿ ಚಿತ್ರಕ್ಕೆ ಒಪ್ಪುವುದು ಕೂಬ್ರಿಕ್ ಆಯ್ಕೆಯೇ ಎಂದು ಒಪ್ಪಿಕೊಳ್ಳುತ್ತಾರೆ. ಅದು ಸರಿಯಾದ ತೀರ್ಪೇ. ನಾರ್ತ್ ದೃಶ್ಯಕ್ಕೆ ಭಾವ ತುಂಬಲು ಹೊರಟಿದ್ದರು. ಆ ಚಿತ್ರಕ್ಕೆ ಬೇಕಿದ್ದದ್ದು ಮನುಷ್ಯರ ಗೊಡವೆಯಿಲ್ಲದ ತಣ್ಣನೆಯ ದೂರ.

ಈ ಸಣ್ಣ ಕಂಪನಿಗಳ ಬಗ್ಗೆ ಒಂದು ಮಾತು. 1970ರ ದಶಕದಲ್ಲಿ ಸಂಯೋಜಕ ಎಲ್ಮರ್ ಬರ್ನ್‌ಸ್ಟೀನ್ ಚಂದಾದಾರರ ಕ್ಲಬ್ಬೊಂದನ್ನು ಕಟ್ಟಿ, ಎಲ್ಲೂ ಸಿಗದ ಚಿತ್ರಸಂಗೀತವನ್ನು ಮರುಮುದ್ರಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಹಿಚ್‌ಕಾಕ್ ಕಸದಬುಟ್ಟಿಗೆ ಹಾಕಿದ್ದ ಹರ್ಮನ್‌ರ ‘ಟಾರ್ನ್ ಕರ್ಟನ್’ ಸಂಗೀತವೂ ಅದರಲ್ಲಿತ್ತು. ಸಿಡಿ ಕಾಲದಲ್ಲಿ ವರೀಸ್ ಸಾರಾಬಾಂಡ್, ಇಂಟ್ರಾಡಾ, ಲಾ-ಲಾ ಲ್ಯಾಂಡ್ ಮುಂತಾದವು ಅದೇ ದಾರಿ ಹಿಡಿದವು. ವಾದಕರಿಗೆ ಕೊಡಬೇಕಾದ ಮರುಬಳಕೆ ಶುಲ್ಕ ದುಬಾರಿ. ಆದ್ದರಿಂದ ಸಾವಿರವೋ ಮೂರು ಸಾವಿರವೋ ಪ್ರತಿ ಅಚ್ಚುಹಾಕಿ ಮುಗಿಸುತ್ತಿದ್ದರು. ಕೆಲವು ಗಂಟೆಗಳಲ್ಲೇ ಖಾಲಿಯಾದ ಸಿಡಿಗಳಿವೆ. ಸಿಕ್ಕದವರು ಮೂಲ ಬೆಲೆಯ ಹಲವು ಪಟ್ಟು ಕೊಟ್ಟು ಕೈಬದಲು ಕೊಂಡರು.

1977ರಲ್ಲಿ ಎಲ್ಲವೂ ತಿರುಗುಮುರುಗಾಯಿತು. ಆಗ ವಿಜ್ಞಾನ ಕಥಾಚಿತ್ರವೆಂದರೆ ಸಿಂಥಸೈಜರ್, ವಿಚಿತ್ರ ಸದ್ದು ಎಂಬ ನಂಬಿಕೆ. ‘ಸ್ಟಾರ್ ವಾರ್ಸ್’ನಲ್ಲಿ ನೋಡುವುದೆಲ್ಲ ಹೊಸದು, ಆದ್ದರಿಂದ ಕಿವಿಗೆ ಬೀಳುವುದಾದರೂ ಪರಿಚಿತವಾಗಿರಲಿ ಎಂಬ ದಾರಿಯನ್ನು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಮತ್ತು ಸಂಯೋಜಕ ಜಾನ್ ವಿಲಿಯಮ್ಸ್ ಹಿಡಿದರು. ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಧಾಟಿ, ವಾಗ್ನರ್ ಒಪೆರಾಗಳಲ್ಲಿ ಇದ್ದಂತೆ. ಎರಡು ಎಲ್‌ಪಿಗಳ ಆಲ್ಬಂ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮೀಕೊ ಎಂಬಾತ ಮಾಡಿದ ಡಿಸ್ಕೊ ರೂಪ ಅಮೆರಿಕದ ಹಾಡುಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು! ಅದೇ ವರ್ಷದ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್ ಬಯಲು ರಂಗದಲ್ಲಿ ಈ ಸಂಗೀತದ ಕಚೇರಿ ನಡೆಸಿದವರು ಮುಂಬಯಿಯ ಜುಬಿನ್ ಮೆಹ್ತಾ. ಸಂಪ್ರದಾಯಸ್ಥರು ಮೂಗು ಮುರಿದರು.

ವಿಲಿಯಮ್ಸ್ ಮೇಲಿನ ಆಕ್ಷೇಪ ಅಂದಿನಿಂದ ಒಂದೇ: ಇದು ಗುಸ್ತಾವ್ ಹೋಲ್‌ಸ್ಟ್‌ದು, ಅದು ಎರಿಕ್ ಕಾರ್ನ್‌ಗೋಲ್ಡ್‌ದು, ನಿಮ್ಮದು ಯಾವುದು? ಹೋಲಿಕೆ ಇರುವುದು ನಿಜ, ಕೆಲವೆಡೆ ಢಾಳಾಗಿಯೇ ಇದೆ. ಆದರೆ ಸಾಲ ತಂದದ್ದೆಲ್ಲ ಕೈಗೂಡುವುದಿಲ್ಲ. ‘ಸ್ಟಾರ್ ವಾರ್ಸ್’ ಸಂಗೀತವನ್ನು ನಕಲು ಮಾಡಿದ ನೂರಾರು ಚಿತ್ರಗಳಲ್ಲಿ ಒಂದರ ಧಾಟಿಯನ್ನೂ ಯಾರೂ ಗುನುಗುವುದಿಲ್ಲ. 1982ರ ‘ಇ.ಟಿ.’ ವೇಳೆಗೆ ವಿಲಿಯಮ್ಸ್ ಮೇಲಿನ ನಂಬಿಕೆ ಎಷ್ಟಿತ್ತೆಂದರೆ, ಕೊನೆಯ ದೃಶ್ಯದ ಸಂಗೀತ ಚಿತ್ರದ ಲಯಕ್ಕೆ ಕೂರದಿದ್ದಾಗ ಸ್ಪೀಲ್‌ಬರ್ಗ್ ಪರದೆಯನ್ನೇ ಆರಿಸಿ, ಕಚೇರಿಯಲ್ಲಿ ನುಡಿಸುವಂತೆ ನುಡಿಸಿ ಎಂದರು. ಆಮೇಲೆ ಆ ಸಂಗೀತಕ್ಕೆ ತಕ್ಕಂತೆ ದೃಶ್ಯವನ್ನು ಕತ್ತರಿಸಿದರು. ನಾರ್ತ್ ಇದನ್ನು ಕೇಳಿ ಏನಂದುಕೊಂಡಿರಬಹುದು!

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 1979ರ ‘ಏಲಿಯನ್’ಗೆ ಗೋಲ್ಡ್‌ಸ್ಮಿತ್ ಬರೆದದ್ದನ್ನು ರಿಡ್ಲಿ ಸ್ಕಾಟ್ ಮತ್ತು ಸಂಕಲನಕಾರ ಟೆರ‍್ರಿ ರಾಲಿಂಗ್ಸ್ ಅಲ್ಲಲ್ಲಿ ಕಿತ್ತು ಬೇರೆಡೆ ಅಂಟಿಸಿದರು. ಕೆಲವು ದೃಶ್ಯಗಳಿಗೆ ಗೋಲ್ಡ್‌ಸ್ಮಿತ್ ಅವರದೇ ಹಳೆಯ ‘ಫ್ರಾಯ್ಡ್’ ಚಿತ್ರದ ತುಣುಕುಗಳು, ಅಂತ್ಯಕ್ಕೆ ಹೊವರ್ಡ್ ಹ್ಯಾನ್ಸನ್‌ನ ಎರಡನೇ ಸಿಂಫನಿ. ಗೋಲ್ಡ್‌ಸ್ಮಿತ್ ಆ ಸಿಟ್ಟನ್ನು ಮುಚ್ಚಿಡಲಿಲ್ಲ. ಅವರು ಉದ್ದೇಶಿಸಿದ್ದ ಪೂರ್ಣ ಸಂಗೀತ ಎರಡು ಸಿಡಿಗಳಲ್ಲಿ ಹೊರಬಂದದ್ದೂ 2007ರಲ್ಲೇ. ಅದನ್ನು ಕೇಳಿದವರಲ್ಲಿ ವಾದ ಎರಡು ಪಾಲಾಯಿತು. ಸಂಗೀತವಾಗಿ ಪೂರ್ಣರೂಪವೇ ಮೇಲು, ಭಯ ಹುಟ್ಟಿಸಲು ಸ್ಕಾಟ್‌ರ ಕತ್ತರಿಯೇ ಮೇಲು ಎಂದು.

‘ಬ್ಲೇಡ್ ರನ್ನರ್’ (1982) ಪ್ರಕರಣ ಇನ್ನೂ ಸ್ವಾರಸ್ಯದ್ದು. ವ್ಯಾಂಜೆಲಿಸ್ ಸಿಂಥಸೈಜರ್‌ಗಳಿಂದಲೇ ಆರ್ಕೆಸ್ಟ್ರಾದ ಘನತೆ ಕಟ್ಟಿದ್ದರು. ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲಿ ಆಲ್ಬಂ ಸಿಗುತ್ತದೆಂಬ ಸೂಚನೆಯೂ ಇತ್ತು. ಸಿಗಲಿಲ್ಲ. ಅಂಗಡಿಗೆ ಬಂದದ್ದು ಬೇರೊಂದು ವಾದ್ಯವೃಂದ ಮರುನುಡಿಸಿದ ಆಲ್ಬಂ. ಸಿಂಥಸೈಜರ್‌ಗಾಗಿ ಹುಟ್ಟಿದ್ದನ್ನು ಪಿಟೀಲಿಗೆ ಇಳಿಸಿದ್ದು ಬಹುತೇಕ ಅಭಿಮಾನಿಗಳಿಗೆ ರುಚಿಸಲಿಲ್ಲ. ಹನ್ನೆರಡು ವರ್ಷ ಕಾಯಿಸಿ 1994ರಲ್ಲಿ ವ್ಯಾಂಜೆಲಿಸ್ ತಮ್ಮ ಆಲ್ಬಂ ಕೊಟ್ಟರು. ಅದರಲ್ಲೂ ಚಿತ್ರದ ಸಂಗೀತವೆಲ್ಲ ಇರಲಿಲ್ಲ. ಆ ಹೊತ್ತಿಗಾಗಲೇ ಕಳ್ಳ ಸಿಡಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಚಿತ್ರದಿಂದಲೇ ಸದ್ದು ಸೋಸಿ, ತುಣುಕು ಜೋಡಿಸಿ ಅಭಿಮಾನಿಗಳು ಮಾಡಿದ ಆವೃತ್ತಿಗಳು ಅಧಿಕೃತ ಆಲ್ಬಂಗಿಂತ ಪೂರ್ಣವಾಗಿದ್ದವು ಎಂಬುದು ಕಂಪನಿಗಳಿಗೆ ಹೇಳಿಕೊಳ್ಳಲಾಗದ ಮುಜುಗರ. ಕಾನೂನಿನ ಕಣ್ಣಿಗೆ ಅದು ಕಳ್ಳಮಾಲೇ, ಸಂಶಯವಿಲ್ಲ.

ಹೊಸ ಶತಮಾನದ ಚರ್ಚೆಯೆಲ್ಲ ಹಾನ್ಸ್ ಝಿಮ್ಮರ್ ಸುತ್ತ. ‘ಇಂಟರ್‌ಸ್ಟೆಲ್ಲರ್’ (2014) ಶುರುವಾಗುವ ಮುನ್ನ ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಝಿಮ್ಮರ್‌ಗೆ ಕೊಟ್ಟದ್ದು ಒಂದೇ ಹಾಳೆ. ಅದರಲ್ಲಿ ತಂದೆ ಮತ್ತು ಮಗುವಿನ ವಿಷಯವಿತ್ತೇ ಹೊರತು ಅಂತರಿಕ್ಷದ ಸುಳಿವಿರಲಿಲ್ಲ. ಝಿಮ್ಮರ್ ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್ನನ್ನು ಆರಿಸಿಕೊಂಡರು. ನುಡಿಸಿದವರು ಆ ಚರ್ಚಿನದೇ ಆರ್ಗನಿಸ್ಟ್ ರೋಜರ್ ಸೇಯರ್. ಉಸಿರಿಲ್ಲದ ಅಂತರಿಕ್ಷದ ಕಥೆಗೆ ಗಾಳಿಯೂದಿ ಹಾಡುವ ವಾದ್ಯ.

ಬಿಡುಗಡೆಯಾದಾಗ ಜಗಳವೆದ್ದಿತು. ಸಂಗೀತದ ಅಬ್ಬರಕ್ಕೆ ಮಾತೇ ಕೇಳಿಸುತ್ತಿಲ್ಲ ಎಂದು ಪ್ರೇಕ್ಷಕರು ದೂರಿದರು. ಅಮೆರಿಕದ ಚಿತ್ರಮಂದಿರವೊಂದು ‘ನಮ್ಮ ಸ್ಪೀಕರ್ ಕೆಟ್ಟಿಲ್ಲ, ನಿರ್ದೇಶಕರ ಉದ್ದೇಶವೇ ಹೀಗೆ’ ಎಂಬ ಅರ್ಥದ ಫಲಕ ಹಾಕಿತು. ನೋಲನ್ ಪಟ್ಟು ಬಿಡಲಿಲ್ಲ. ನೌಕೆ ತಿರುಗುತ್ತಾ ಜೋಡಣೆಯಾಗುವ ದೃಶ್ಯದ ಸಂಗೀತ ಸಾಮಾನ್ಯ ಆಲ್ಬಂನಲ್ಲಿ ಇಲ್ಲವೆಂದು ಇನ್ನೊಂದು ಗಲಾಟೆ. ಜನ ಅತಿ ಹೆಚ್ಚು ಕೇಳಬಯಸಿದ ಹಿನ್ನೆಲೆ ಸಂಗೀತ ಅದೇ ಆಗಿತ್ತು.

ಅಭಿಮಾನಿಗಳ ಲೆಕ್ಕಾಚಾರಕ್ಕೂ ಕೊನೆಯಿಲ್ಲ. ನೀರಿನ ಗ್ರಹದ ದೃಶ್ಯದಲ್ಲಿ ಗಡಿಯಾರದಂಥ ಟಿಕ್ ಟಿಕ್ ಸದ್ದಿದೆ, 1.25 ಸೆಕೆಂಡಿಗೊಂದು ಟಿಕ್, ಪ್ರತಿ ಟಿಕ್‌ಗೂ ಭೂಮಿಯಲ್ಲಿ ಒಂದು ದಿನ ಕಳೆಯುತ್ತದೆ ಎಂಬ ಮಾತು ವರ್ಷಗಳಿಂದ ಓಡಾಡುತ್ತಿದೆ. ಚಿತ್ರದ ಪ್ರಕಾರ ಅಲ್ಲಿನ ಒಂದು ಗಂಟೆ ಇಲ್ಲಿನ ಏಳು ವರ್ಷ, ಅಂದರೆ ಸುಮಾರು 2557 ದಿನ. 3600 ಸೆಕೆಂಡುಗಳನ್ನು ಅದರಿಂದ ಭಾಗಿಸಿದರೆ ದಿನಕ್ಕೆ 1.4 ಸೆಕೆಂಡು ಬರುತ್ತದೆ. ಲೆಕ್ಕ ಹತ್ತಿರ ಬರುತ್ತದೆ, ಕೂಡಿ ಬರುವುದಿಲ್ಲ. ಆದರೂ ಆ ಸದ್ದಿನ ಕೆಳಗೆ ಕಾಲ ಸೋರಿಹೋಗುತ್ತಿದೆ ಎಂಬುದನ್ನು ಯಾರೂ ಹೇಳಿಕೊಡದೆ ಗುರುತಿಸಿದ ಕಿವಿಗಳಿಗೆ ಪೂರ್ತಿ ಅಂಕ ಕೊಡದಿರಲಾಗದು.

2015ರಲ್ಲಿ ಈ ಚಿತ್ರದ ಸಂಗೀತವನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, 9,999 ಕೊಳವೆಗಳ ಆರ್ಗನ್ ಎದುರು, ಚಿತ್ರದ ಜೊತೆಗೇ ನುಡಿಸಿದರು. ಭಾರತದಲ್ಲಿ ಚಿತ್ರದ ಮರುಬಿಡುಗಡೆ 2024ರ ಡಿಸೆಂಬರಿನಲ್ಲಿ ಆಗಬೇಕಿತ್ತು. ಐಮ್ಯಾಕ್ಸ್ ಪರದೆಗಳನ್ನು ‘ಪುಷ್ಪ 2’ ಹಿಡಿದುಕೊಂಡಿತ್ತೆಂದು ಮುಂದಕ್ಕೆ ಹೋಗಿ, 2025ರ ಫೆಬ್ರವರಿ 7ಕ್ಕೆ ಬಂದಾಗ ಬೆಂಗಳೂರಿನಲ್ಲೂ ಟಿಕೆಟ್ಟಿಗೆ ಪೈಪೋಟಿ ನಡೆಯಿತು. ಕೈಯಲ್ಲಿನ ಫೋನಿನಲ್ಲೇ ಸಿಗುವ ಹತ್ತು ವರ್ಷ ಹಳೆಯ ಚಿತ್ರಕ್ಕೆ ಜನ ಹಣ ಕೊಟ್ಟು ಹೋದದ್ದಕ್ಕೆ ಆ ಆರ್ಗನ್ ಎದೆಗೆ ಬಡಿಯುವ ಅನುಭವವೂ ಒಂದು ದೊಡ್ಡ ಕಾರಣ.

ಅದೇ ಝಿಮ್ಮರ್ ‘ಡ್ಯೂನ್’ (2021) ಹೊತ್ತಿಗೆ ದಿಕ್ಕು ಬದಲಿಸಿದರು. ಬೇರೊಂದು ನಕ್ಷತ್ರಲೋಕದಲ್ಲಿ ಯುರೋಪಿನ ಪಿಟೀಲು ಬಳಗ ಏಕಿರಬೇಕು ಎಂಬುದು ಅವರ ಪ್ರಶ್ನೆ. ಹೆಂಗಸರ ಕಂಠ, ಬ್ಯಾಗ್‌ಪೈಪ್, ಹೊಸದಾಗಿ ಕಟ್ಟಿದ ವಾದ್ಯಗಳು ಮುಂದೆ ಬಂದವು. ಆಸ್ಕರ್ ಸಿಕ್ಕಿತು. ಗುನುಗಲು ಏನೂ ಉಳಿಯಲಿಲ್ಲ ಎಂದು ವಿಲಿಯಮ್ಸ್ ಪಾಳಯ ಗೊಣಗಿತು. ಎರಡನೇ ಭಾಗದಲ್ಲಿ ಹಳೆಯ ಸಂಗೀತದ ಪಾಲು ಹೆಚ್ಚಾಯಿತೆಂದು ಆಸ್ಕರ್ ಅಕಾಡೆಮಿ ಅದನ್ನು ಸ್ಪರ್ಧೆಯಿಂದಲೇ ಹೊರಗಿಟ್ಟಾಗ ಮಾತ್ರ ಎರಡೂ ಪಾಳಯಗಳು ಒಟ್ಟಿಗೆ ಸಿಟ್ಟಾದವು. ಉತ್ತರಭಾಗದಲ್ಲಿ ಹಳೆಯ ಧಾಟಿ ಮರಳಬೇಕಾದ್ದು ಸಹಜ. ವಿಲಿಯಮ್ಸ್ ಬೆಳೆದದ್ದೇ ಹಾಗೆ.

ಕತ್ತರಿಯೂ ಸುಮ್ಮನಿಲ್ಲ. ಐಸ್ಲೆಂಡಿನ ಯೋಹಾನ್ ಯೋಹಾನ್ಸನ್ ‘ಅರೈವಲ್’ಗೆ (2016) ಮನುಷ್ಯಕಂಠಗಳಿಂದ ನೇಯ್ದ ಸಂಗೀತ ಕೊಟ್ಟರು, ಆದರೆ ಚಿತ್ರದ ಆದಿ ಅಂತ್ಯಗಳಲ್ಲಿ ಮ್ಯಾಕ್ಸ್ ರಿಕ್ಟರ್‌ನ ಹಳೆಯ ಕೃತಿಯೊಂದು ಇದ್ದುದರಿಂದ ಅದಕ್ಕೂ ಆಸ್ಕರ್ ಬಾಗಿಲು ಮುಚ್ಚಿತು. ಮರುವರ್ಷ ‘ಬ್ಲೇಡ್ ರನ್ನರ್ 2049’ಕ್ಕೆ ಅವರೇ ಬರೆಯತೊಡಗಿದ್ದರು. ವ್ಯಾಂಜೆಲಿಸ್ ನಾದಕ್ಕೆ ಹತ್ತಿರವಾದದ್ದು ಬೇಕೆಂದು ನಿರ್ದೇಶಕ ಡೆನಿ ವಿಲ್‌ನೋವ್ ಕೊನೆಯ ಹಂತದಲ್ಲಿ ಝಿಮ್ಮರ್ ಮತ್ತು ಬೆಂಜಮಿನ್ ವಾಲ್‌ಫಿಶ್ ಅವರನ್ನು ಕರೆತಂದರು. ಯೋಹಾನ್ಸನ್ 2018ರ ಫೆಬ್ರವರಿಯಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರು ಆ ಚಿತ್ರಕ್ಕಾಗಿ ಮಾಡಿದ ಕೆಲಸವನ್ನು ಬಿಡುಗಡೆ ಮಾಡಿ ಎಂದು ಅಭಿಮಾನಿಗಳು ಅಂದಿನಿಂದ ಕೇಳುತ್ತಲೇ ಇದ್ದಾರೆ. ನಾರ್ತ್ ಅವರ ಮೂಲ ಮುದ್ರಣಕ್ಕೆ ಮೂವತ್ತೊಂಬತ್ತು ವರ್ಷ ಹಿಡಿದಿತ್ತೆಂಬುದು ಅವರಿಗೆ ಗೊತ್ತು.